ದಿಬ್ಬದ ಮೇಲಿನ ಹೊಸ್ತಿಲು

ನದಿಯೊಂದು ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಮುರಕಲ್ಲಿನ ದಿಬ್ಬ. ದಿಬ್ಬದ ಮೇಲೆ ಸೋಗೆ ಹೊದಿಸಿದ ಆಶ್ರಮ. ಕೆಳಗೆ ಮೀನುಗಾರರ ಕೇರಿ. ಕೇರಿಯ ಮುಂದೆ ಬರಿಯ ಮರಳು, ಮರಳಿನಾಚೆ ಕಡಲು.

ಆಶ್ರಮದಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದರು. ಅವರ ಬಳಿಗೆ ಮಹಾಬಲನೆಂಬ ಶಿಷ್ಯ ಬಂದು ಸೇರಿದ.

ಅವನು ದೂರದ ಇನ್ನೊಂದು ಕರಾವಳಿಯವನು. ಅವನ ಊರಿನಲ್ಲಿ ಒಂದು ಬೆಳಿಗ್ಗೆ ನೆಲ ನಡುಗಿತ್ತು. ಕಡಲು ಹಿಂದಕ್ಕೆ ಸರಿದು, ಆಮೇಲೆ ಗೋಡೆಯಂತೆ ಎದ್ದು ಬಂದಿತ್ತು. ಅಂಥ ಅಲೆಯನ್ನು ಆ ಕಡೆಯವರು ಹೆದ್ದೆರೆ ಎನ್ನುತ್ತಿದ್ದರು. ಮಹಾಬಲ ಓಡಿ ಉಳಿದ. ಅವನ ತಾಯಿಗೆ ಓಡಲಾಗಲಿಲ್ಲ.

ಅಂದಿನಿಂದ ಅವನು ಉಣ್ಣುವಾಗಲೂ ಕಡಲಿಗೆ ಬೆನ್ನು ಹಾಕಿದವನಲ್ಲ. ಕಚ್ಚೆ ಬಿಗಿದುಕೊಂಡೇ ಮಲಗುತ್ತಿದ್ದ. ತೆಂಗಿನ ಗರಿ ಬಿದ್ದ ಸದ್ದಿಗೆ ಎದ್ದು ನಿಲ್ಲುತ್ತಿದ್ದ.

"ಗುರುಗಳೇ, ಇಲ್ಲಿಗೂ ಹೆದ್ದೆರೆ ಬರುತ್ತದೆಯೇ?" ಎಂದು ಬಂದ ದಿನವೇ ಕೇಳಿದ.

"ಕಡಲು ಇಲ್ಲಿಯೂ ಇದೆಯಲ್ಲ" ಎಂದರು ಗುರುಗಳು.

"ಹಾಗಾದರೆ ಈ ಕೇರಿಯವರ ಗತಿ?"

ಗುರುಗಳು ಮೂಲೆಯಲ್ಲಿದ್ದ ಬುಟ್ಟಿಯನ್ನು ಎತ್ತಿ ಅವನ ತಲೆಯ ಮೇಲಿಟ್ಟರು. ಅದರೊಳಗೆ ಕೇದಗೆಯ ತುಂಡುಗಳಿದ್ದವು, ಮೊಳಕೆಯೊಡೆದ ಸುರಹೊನ್ನೆಯ ಬೀಜಗಳಿದ್ದವು, ಅಳಿವೆಯ ಕೆಸರಿನಲ್ಲಿ ಊರುವ ಕಾಂಡ್ಲದ ಉದ್ದ ಕೋಡುಗಳಿದ್ದವು.

"ನೆಡು" ಎಂದರು.

ಅವನು ನೆಟ್ಟ. ಅಲೆ ಮುಟ್ಟುವ ಅಂಚಿನಲ್ಲಿ ಮರಳು ಹಿಡಿಯುವ ಬಳ್ಳಿ, ಅದರ ಹಿಂದೆ ಮುಳ್ಳಿನ ಕೇದಗೆ, ಅದರ ಹಿಂದೆ ಸುರಹೊನ್ನೆ, ಅಳಿವೆಯ ಬದಿಗೆ ಕಾಂಡ್ಲ. ಅರ್ಧದಷ್ಟು ಸತ್ತವು. ಸತ್ತ ಜಾಗದಲ್ಲಿ ಮತ್ತೆ ನೆಟ್ಟ. ಆಡುಗಳು ತಿಂದವು, ಮತ್ತೆ ನೆಟ್ಟ.

ಒಮ್ಮೆ ಅವನು ಗಿಡಗಳನ್ನು ಅಚ್ಚುಕಟ್ಟಾಗಿ ಸಾಲು ಹಿಡಿದು ನೆಡುತ್ತಿದ್ದ. ಗುರುಗಳು ಬಂದು ನೋಡಿ, ಒಂದು ಬಿಟ್ಟು ಒಂದನ್ನು ಕಿತ್ತು ಎಡೆಗಳಿಗೆ ಅಡ್ಡವಾಗಿ ಊರಿದರು.

ಮಳೆಗಾಲಗಳು ಕಳೆದವು. ಕೇದಗೆ ಆಳುದ್ದ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿತು. ಸುರಹೊನ್ನೆ ಮರವಾಯಿತು. ಮಹಾಬಲನ ನಿದ್ದೆ ಮಾತ್ರ ಹಾಗೆಯೇ ಇತ್ತು.

"ಗುರುಗಳೇ, ಇದು ಹೆದ್ದೆರೆಯನ್ನು ತಡೆಯುತ್ತದೆಯೇ?"

"ಇಲ್ಲ."

ಮಹಾಬಲನ ಕೈಯಿಂದ ನೀರಿನ ಕೊಡ ಜಾರಿತು. "ಇಷ್ಟು ವರ್ಷ ನೆಟ್ಟೆನಲ್ಲ! ತಡೆಯದಿದ್ದರೆ ಏತಕ್ಕೆ?"

ಗುರುಗಳು ತೋಪನ್ನು ಬಳಸಿಕೊಂಡು ಅದರ ಆಚೆ ಬದಿಗೆ ಹೋಗಿ ನಿಂತರು. "ಮಹಾಬಲ, ಅಲ್ಲಿಂದ ಓಡಿ ಬಾ. ಇದರ ನಡುವೆಯೇ ಬಾ. ಎಷ್ಟು ಜೋರಾಗಿ ಓಡಬಲ್ಲೆಯೋ ಅಷ್ಟು" ಎಂದು ಕೂಗಿದರು.

ಅವನು ಓಡಿ ಒಳಹೊಕ್ಕ. ಕೇದಗೆ ಪಂಚೆ ಹಿಡಿಯಿತು. ಬೇರು ಕಾಲು ಹಿಡಿಯಿತು. ಅತ್ತ ಸರಿದು, ಇತ್ತ ಬಗ್ಗಿ, ಮೈಯೆಲ್ಲ ಗೀಚಿಸಿಕೊಂಡು, ಏದುಸಿರು ಬಿಡುತ್ತ ಕೊನೆಗೆ ಗುರುಗಳ ಮುಂದೆ ಬಂದು ನಿಂತ.

"ನಿನ್ನನ್ನು ಯಾರಾದರೂ ತಡೆದರೇ?"

"ಇಲ್ಲ."

"ಓಡುತ್ತ ಹೊಕ್ಕವನು ನಡೆಯುತ್ತ ಬಂದೆಯಲ್ಲ" ಎಂದು ಗುರುಗಳು ಮುಳ್ಳು ಕೀಳಲು ಕೂತರು.

ಕೇರಿಯ ಮುಂಭಾಗದ ಮನೆ ನರಸಕ್ಕನದು. ಮಹಾಬಲ ಈ ಊರಿಗೆ ಬಂದಾಗ ಮೊದಲು ಗಂಜಿ ಬಡಿಸಿದವಳು ಅವಳೇ. ತಲೆಹೊರೆಯಲ್ಲಿ ಮೀನು ಮಾರಿದ ಹೆಂಗಸು. ಅವಳ ದನಿ ನದಿಯಾಚೆಯ ಕೇರಿಗೂ ಕೇಳುತ್ತಿತ್ತು. ಬಂಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದಳು.

ಅವಳ ಗಂಡನೂ ಇಬ್ಬರು ಗಂಡುಮಕ್ಕಳೂ ಒಂದೇ ದೋಣಿಯಲ್ಲಿ ಹೋಗುವವರು.

ಆ ಕೇರಿಯಲ್ಲೊಂದು ಕಟ್ಟಳೆಯಿತ್ತು. ದೋಣಿ ನೀರಿಗಿಳಿದರೆ ಆ ಮನೆಯ ಹೆಂಗಸು ಬಾಗಿಲು ಹಾಕುವಂತಿಲ್ಲ. ದೋಣಿ ಮರಳುವ ತನಕ ಹೊಸ್ತಿಲ ಒಳಗೆ ಕೂತು ಕಡಲು ಕಾಣುತ್ತಿರಬೇಕು. ಕಣ್ಣು ತಪ್ಪಿದರೆ ದೋಣಿಗೆ ದಾರಿ ತಪ್ಪುತ್ತದೆ ಎಂದು ಅತ್ತೆಯಂದಿರು ಸೊಸೆಯಂದಿರಿಗೆ ಹೇಳುತ್ತಿದ್ದರು.

ತೋಪು ಬೆಳೆದ ಮೇಲೆ ಹೊಸ್ತಿಲಿನಿಂದ ಕಡಲು ಕಾಣಲಿಲ್ಲ. ಉಳಿದ ಹೆಂಗಸರು ದಡಕ್ಕೆ ಹೋಗಿ ನೋಡಿ ಬರುತ್ತಿದ್ದರು. ನರಸಕ್ಕನಿಗೆ ಅದು ಆಗದು.

"ಹೋಯ್ ಮಹಾಬಲ, ನಿನ್ನ ಗಿಡ ಚಂದ ಬೆಳೀತು ಮಾರಾಯ" ಎಂದಳು ಒಂದು ದಿನ. "ಹೆದ್ದೆರೆಗೆ ಕಟ್ಟಿದ್ದೆಯೋ, ನನ್ನ ಕಣ್ಣಿಗೆ ಕಟ್ಟಿದ್ದೆಯೋ?"

"ನಿಮ್ಮ ಒಳ್ಳೆಯದಕ್ಕೇ ನರಸಕ್ಕ."

"ಗಂಡ ಮಕ್ಕಳು ನೀರ ಮೇಲೆ. ನಾನು ಇಲ್ಲಿ ಕೇದಗೆ ಎಲೆ ಎಣಿಸುತ್ತಾ ಕೂತಿದ್ದೇನೆ. ನೀನೂ ನಿದ್ದೆ ಮಾಡುವುದಿಲ್ಲ, ನನಗೂ ನಿದ್ದೆ ಬಿಡಲಿಲ್ಲ. ಹೆಸರು ಮಹಾಬಲ, ತೆರೆಯ ಸದ್ದು ಕೇಳಿದರೆ ಮೈಬಲವೂ ಇಲ್ಲ!"

ಅವಳು ನಕ್ಕಳು. ಮಹಾಬಲ ನಗಲಿಲ್ಲ. ಅವನಿಗೂ ಅದೇ ಚಿಂತೆ ಹತ್ತಿತ್ತು. ಕೇರಿಯಿಂದ ಕಡಲು ಕಾಣದಿದ್ದರೆ ಅದು ಏನು ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಗಿಡಗಳ ಹಿಂದೆ ಅದು ಎದ್ದು ನಿಂತಿದ್ದರೆ?

ಗುರುಗಳು ಕಾಯಿಲೆಬಿದ್ದ ಗೆಳೆಯರನ್ನು ಕಾಣಲು ನದಿಯ ಮೇಲ್ದಂಡೆಗೆ ಹೋದರು. ಅವರ ದೋಣಿ ತಿರುವಿನಲ್ಲಿ ಮರೆಯಾಯಿತು. ಮಹಾಬಲ ಬಲೆಯ ಹಗ್ಗ ತಂದು ಒಂದು ತುದಿಯನ್ನು ನರಸಕ್ಕನ ಬಾಗಿಲುವಾಡಕ್ಕೆ ಕಟ್ಟಿದ. ಇನ್ನೊಂದನ್ನು ಅಲೆಯ ಅಂಚಿನಲ್ಲಿ ಗೂಟ ಹೊಡೆದು ಬಿಗಿದ. ಹಗ್ಗಕ್ಕೆ ಅಡ್ಡ ಬಂದದ್ದನ್ನೆಲ್ಲ ಕಡಿದ.

ದಾರಿ ನೂಲು ಹಿಡಿದಂತೆ ನೇರವಾಗಿ ಬಂತು. ನರಸಕ್ಕ ಹೊಸ್ತಿಲೊಳಗೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಕಾಣ್ತದೆ! ನಮ್ಮ ದೋಣಿಯ ಹಾಯಿಯೇ ಕಾಣ್ತದೆ! ನಿನ್ನ ತಾಯಿ ಪುಣ್ಯ ಮಾಡಿದ್ದಳು ತಮ್ಮ."

ತಾಯಿಯ ಮಾತು ಬಂದದ್ದಕ್ಕೋ ಏನೋ, ಮಹಾಬಲ ಹಗ್ಗ ಸುತ್ತುವ ನೆವದಲ್ಲಿ ಮುಖ ತಿರುಗಿಸಿದ. ಅಂದು ಮಾತ್ರ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಗುರುಗಳು ಮರಳಿ ಬಂದರು. ದಾರಿಯನ್ನು ನೋಡಿದರು.

"ಕಡಲು ಚೆನ್ನಾಗಿ ಕಾಣುತ್ತದೆ" ಎಂದರು.

ಮಹಾಬಲನಿಗೆ ಜೀವ ಬಂತು. "ಹೌದು ಗುರುಗಳೇ. ಅದು ಬಂದರೆ ಈಗ ಮೊದಲೇ ತಿಳಿಯುತ್ತದೆ. ಓಡಬಹುದು."

"ನರಸಿಯೂ ಓಡುತ್ತಾಳೆಯೇ?"

ಗುರುಗಳು ಅವನ ಕೈಹಿಡಿದು ಆ ದಾರಿಯಲ್ಲೇ ನೀರಿನ ತನಕ ಕರೆದೊಯ್ದರು. ಅಲೆ ಕಣಕಾಲಿಗೆ ಬಡಿಯುವಲ್ಲಿ ನಿಲ್ಲಿಸಿದರು. ಅವನ ಎರಡೂ ಭುಜ ಹಿಡಿದು ಊರಿನ ಕಡೆಗೆ ತಿರುಗಿಸಿದರು.

ಎಷ್ಟೋ ವರ್ಷಗಳ ಮೇಲೆ ಮಹಾಬಲನ ಬೆನ್ನು ಕಡಲಿನ ಕಡೆಗಿತ್ತು. ಅವನು ತಿರುಗಲು ನೋಡಿದ. ಗುರುಗಳು ಬಿಡಲಿಲ್ಲ.

"ಇಲ್ಲಿಂದ ಏನು ಕಾಣುತ್ತದೆ?"

ನೇರ ದಾರಿ. ದಾರಿಯ ಕೊನೆಗೆ ತೆರೆದ ಬಾಗಿಲು. ಬಾಗಿಲೊಳಗೆ ಕೆಂಪಗೆ ಉರಿಯುವ ಬೆಂಕಿ.

"ನರಸಕ್ಕನ ಒಲೆ" ಎಂದ ಮಹಾಬಲ.

ಗುರುಗಳು ಭುಜ ಬಿಟ್ಟರು. ಅವರ ಹಿಂದೆ ಒಂದು ಅಲೆ ಬಂದು, ಆ ದಾರಿಯಲ್ಲಿ ಒಂದಿಷ್ಟು ದೂರ ಹರಿದು, ಮರಳಿತು.

ಅಂದಿನಿಂದ ಮಹಾಬಲನಿಗೆ ಊಟ ಸೇರಲಿಲ್ಲ. ಗಿಡಗಳನ್ನು ಹೊತ್ತುಕೊಂಡು ದಾರಿ ಮುಚ್ಚಲು ಹೋದ. ನರಸಕ್ಕ ಗೋಡೆ ಹಿಡಿದು ಎದ್ದು ಬಂದಳು.

"ಮುಟ್ಟಿದರೆ ನೋಡು! ಕೊಟ್ಟ ಕಣ್ಣನ್ನು ಕಿತ್ತುಕೊಳ್ಳುತ್ತೀಯಾ?"

"ಅದು ಇದೇ ದಾರಿಯಲ್ಲಿ ಬರುತ್ತದೆ ನರಸಕ್ಕ. ನೇರ ನಿಮ್ಮ ಒಲೆಗೇ ಬರುತ್ತದೆ."

"ಯಾವತ್ತೋ ಬರುವುದಕ್ಕೆ ಹೆದರಿ, ದಿನಾ ಬರುವವರನ್ನು ಬಿಡಲಾ? ದೋಣಿ ಮರಳದಿದ್ದರೆ ನನಗೆ ಒಲೆ ಯಾಕೆ?"

ಕೇರಿಯ ಹಿರಿಯ, ಗುರಿಕಾರ ಸೂರನೂ ಬಂದ. ಅವನಿಗೆ ಕಿವಿ ಮಂದ, ಮಾತು ಜೋರು. "ಹೋಗಯ್ಯ, ಹೋಗು. ಕಡಿಯುವಾಗಲೂ ಕೇಳಲಿಲ್ಲ, ನೆಡುವಾಗಲೂ ಕೇಳುವುದಿಲ್ಲ. ಕೇರಿ ನಮ್ಮದೋ ನಿನ್ನದೋ?"

ಮಹಾಬಲ ದಿಬ್ಬಕ್ಕೆ ಓಡಿದ. ಗುರುಗಳು ಅಲ್ಲಿರಲಿಲ್ಲ. ಅವರ ಚಾಪೆಯೂ ಇರಲಿಲ್ಲ.

ಅವರು ಆ ದಾರಿಯ ನಡುವೆ ಚಾಪೆ ಹಾಸಿಕೊಂಡು ಕೂತಿದ್ದರು.

"ಗುರುಗಳೇ, ಇಲ್ಲೇಕೆ ಕೂತಿರಿ?"

"ಇಲ್ಲೊಂದು ಕೇದಗೆ ಇತ್ತು. ಇನ್ನೊಂದು ಬರುವ ತನಕ ಅದರ ಜಾಗದಲ್ಲಿ ಇರುತ್ತೇನೆ."

ಬಿಸಿಲು ಏರಿತು. ನರಸಕ್ಕ ಹೊಸ್ತಿಲೊಳಗಿಂದ ಕೂಗಿದಳು: "ಅಯ್ಯಾ, ಸ್ವಲ್ಪ ಆಚೆ ಸರೀರಿ. ಕಡಲಿಗೆ ಅಡ್ಡ ಆಗಿದ್ದೀರಿ."

"ಕೇದಗೆ ಸರಿಯುತ್ತದೆಯೇ ನರಸಿ?"

"ಕೇದಗೆಯಾಗಿದ್ದರೆ ಪರಿಮಳವಾದರೂ ಇರುತ್ತಿತ್ತು!"

ಕೇರಿಯೆಲ್ಲ ನಕ್ಕಿತು. ಗುರುಗಳೂ ನಕ್ಕರು. ಆದರೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮಹಾಬಲ ಗಂಜಿ ಒಯ್ದು ಕೊಡುತ್ತಿದ್ದ. ಕೊಟ್ಟು ಅಲ್ಲೇ ಕಡಲು ನೋಡುತ್ತ ನಿಲ್ಲುತ್ತಿದ್ದ. ಈಗ ಬಂದರೆ ಮೊದಲು ಗುರುಗಳು, ಆಮೇಲೆ ನರಸಕ್ಕ. ಕಡಿದ ಕೈ ತನ್ನದು.

"ಎದ್ದು ಬನ್ನಿ ಗುರುಗಳೇ. ನಾನೇನು ಮಾಡಬೇಕು ಹೇಳಿ."

"ಗಿಡ ಮಾತಾಡುವುದಿಲ್ಲ" ಎಂದು ಗುರುಗಳು ಗಂಜಿ ಕುಡಿದರು.

ಒಂದು ಸಂಜೆ ಮಹಾಬಲ ದಿಬ್ಬದ ಮೇಲೆ ಒಬ್ಬನೇ ಕೂತಿದ್ದ, ಎಂದಿನಂತೆ ಕಡಲಿಗೆ ಮುಖ ಮಾಡಿ. ತೋಪಿನ ತಲೆಯ ಮೇಲಿಂದ ದೋಣಿಗಳು ಒಂದೊಂದಾಗಿ ಬರುತ್ತಿದ್ದವು. ಮೊದಲು ಹಾಯಿ, ಆಮೇಲೆ ಮೂತಿ, ಆಮೇಲೆ ಆಳುಗಳು. ಅವನು ನೋಡುತ್ತಲೇ ಇದ್ದ. ಇದ್ದಕ್ಕಿದ್ದಂತೆ ಎದ್ದ. ನರಸಕ್ಕನ ಮನೆಗೆ ಓಡಿದ.

"ನರಸಕ್ಕ, ಕಡಲು ಎಲ್ಲಿಂದ ಕಾಣಬೇಕು?"

"ಹೊಸ್ತಿಲ ಒಳಗಿಂದ. ನಮ್ಮ ಅತ್ತೆ ಹೇಳಿದ್ದು ಅಷ್ಟೇ."

"ಹೊಸ್ತಿಲು ಎಲ್ಲಿರಬೇಕು ಎಂದು ಹೇಳಿದ್ದರೇ?"

ನರಸಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆಂತ, ತಲೆ ಕೆಟ್ಟಿತಾ?"

"ದಿಬ್ಬದ ಮೇಲೆ ಒಯ್ದು ಇಡುತ್ತೇನೆ. ಅಲ್ಲಿಂದ ಇಲ್ಲಿಗಿಂತ ದೂರ ಕಾಣುತ್ತದೆ."

ಗುರಿಕಾರ ಸೂರನಿಗೆ ಸುದ್ದಿ ಹೋಯಿತು. ಅವನು ಕೆಂಡವಾದ. "ಹೊಸ್ತಿಲು ಕೀಳುವುದೇ? ಅದು ಮನೆ ಮುರಿಯುವ ಕೆಲಸ. ಕೇಡು ಬರುತ್ತದೆ, ಬರೆದಿಟ್ಟುಕೋ!"

ನರಸಕ್ಕನೂ ಒಪ್ಪಲಿಲ್ಲ. ಮಹಾಬಲ ವಾದ ಮಾಡಲಿಲ್ಲ. ಅವಳ ಮುಂದೆ ಬೆನ್ನು ಕೊಟ್ಟು ಕೂತ.

"ಹತ್ತಿ. ಒಂದು ಕಡೆ ಕರೆದುಕೊಂಡು ಹೋಗುತ್ತೇನೆ."

"ಬಿದ್ದರೆ ನಿನ್ನ ಸೊಂಟವೂ ಹೋಗ್ತದೆ" ಎನ್ನುತ್ತಲೇ ಅವಳು ಹತ್ತಿದಳು.

ಅವನು ಅವಳನ್ನು ಹೊತ್ತು, ಗುರುಗಳ ಚಾಪೆಯನ್ನು ಬಳಸಿ, ನೀರಿನ ಅಂಚಿಗೆ ಹೋದ. ಅಲ್ಲಿ ನಿಂತು ತಿರುಗಿದ.

ನರಸಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ತನ್ನ ಬಾಗಿಲನ್ನೇ ನೋಡಿದಳು.

"ಒಲೆಯ ಮೇಲಿನ ಗಡಿಗೆ ಸಮೇತ ಕಾಣ್ತದಲ್ಲ ಮಾರಾಯ" ಎಂದಳು ಕೊನೆಗೆ. ಆಮೇಲೆ, "ನಾಳೆ ಕೀಳು. ಅರಿಸಿನ ಕುಂಕುಮ ಇಟ್ಟು ಕೀಳಬೇಕು, ತಿಳೀತಾ?"

ಗುರುಗಳು ಚಾಪೆ ಸುತ್ತಿಕೊಂಡು ಎದ್ದರು.

ಹೊಸ್ತಿಲಿನೊಂದಿಗೆ ಬಾಗಿಲುವಾಡವೂ ದಿಬ್ಬ ಏರಿತು. ಅಲ್ಲಿ ಗೋಡೆಯಿಲ್ಲ, ಚಾವಣಿಯಿಲ್ಲ, ಬರಿಯ ಬಾಗಿಲು ನಿಂತಿತು. ನರಸಕ್ಕ ಹತ್ತಲೆಂದು ಮಹಾಬಲ ಮುರಕಲ್ಲಿನಲ್ಲಿ ಅಗಲವಾದ ಮೆಟ್ಟಿಲು ಕಡಿದ. ದೋಣಿ ಹೋದ ದಿನ ಅವಳು ಮೆಲ್ಲಗೆ ಹತ್ತಿ ಹೊಸ್ತಿಲೊಳಗೆ ಕೂರುತ್ತಿದ್ದಳು.

"ನಾಲ್ಕೂ ಕಡೆಯಿಂದ ನುಗ್ಗಬಹುದಾದ ಮನೆಗೆ ಬಾಗಿಲು ಯಾಕೆ ನರಸಕ್ಕ?" ಎಂದು ಸೂರ ಕೆಳಗಿನಿಂದ ಕೆಣಕುತ್ತಿದ್ದ.

"ಮರ್ಯಾದೆ ಇದ್ದವರು ಬಾಗಿಲಲ್ಲೇ ಬರ್ತಾರೆ. ನೀನು ಹೇಗಾದರೂ ಬಾ!"

ಮಹಾಬಲ ಕಡಿದ ಜಾಗದಲ್ಲಿ ಮತ್ತೆ ನೆಟ್ಟ. ಹಗ್ಗ ಹಿಡಿಯಲಿಲ್ಲ. ದಡಕ್ಕೆ ಹೋಗುವವರಿಗೆ ಬೇರೆ ಕಡೆ ಕಾಲುದಾರಿ ಬಿಟ್ಟ. ಅದು ಹಾವಿನಂತೆ ಅತ್ತಿತ್ತ ತಿರುಗುತ್ತ ಹೋಗುತ್ತಿತ್ತು. ಆದರೆ ಹೊಸ ಗಿಡಗಳು ಮೊಣಕಾಲಿಗೂ ಬಂದಿರಲಿಲ್ಲ. ಅವನು ದಿನಾ ಅವುಗಳ ಪಕ್ಕ ನಿಂತು ತನ್ನ ಕಾಲಿಗೆ ಅಳೆದು ನೋಡುತ್ತಿದ್ದ. ಮಗುವಿನ ಜ್ವರ ನೋಡಿದ ಹಾಗೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

"ಬೇಗ ಬೆಳೆಯಲು ಏನು ಹಾಕಬೇಕು ಗುರುಗಳೇ?"

"ಕೈ ಹಾಕದೆ ಇರಬೇಕು."

ಮಳೆ ನಿಂತು ದೋಣಿಗಳು ನೀರಿಗಿಳಿದ ಮೇಲಿನ ಮಾತು. ಬೆಳಗಿನ ಗಂಜಿಯ ಹೊತ್ತು. ಮಹಾಬಲ ಎಳೆ ಗಿಡಗಳಿಗೆ ನೀರು ಹಾಕುತ್ತಿದ್ದ. ಕೊಡದ ನೀರಿನಲ್ಲಿ ಸುಮ್ಮಸುಮ್ಮನೆ ಉಂಗುರಗಳೆದ್ದವು. ಪಾದದಡಿಯಲ್ಲಿ ನೆಲ ಜುಮ್ಮೆಂದಿತು.

ಅವನು ತಲೆಯೆತ್ತಿದ. ಕಡಲು ಹಿಂದೆ ಹೋಗುತ್ತಿತ್ತು.

ಯಾರೂ ಕಂಡಿರದ ಬಂಡೆಗಳು ಮೇಲೆದ್ದವು. ಒದ್ದೆ ಮರಳಿನಲ್ಲಿ ಮೀನುಗಳು ಪಟಪಟ ಹಾರಿದವು. ಕೇರಿಯ ಮಕ್ಕಳು, ಹೆಂಗಸರು, ದೋಣಿಗೆ ಹೋಗದ ಮುದುಕರು ಬುಟ್ಟಿ ಹಿಡಿದು ಓಡಿ ಬಂದರು. ಗುರಿಕಾರ ಸೂರ ಎಲ್ಲರಿಗಿಂತ ಮುಂದೆ.

ಮಹಾಬಲ ಬಾಯಿ ತೆರೆದ. ಇಷ್ಟು ವರ್ಷ ಕಾದ ಕೂಗು ಹೊರಡಲಿಲ್ಲ.

ಆಗ ದಿಬ್ಬದ ಮೇಲಿನ ಬಾಗಿಲಿನಿಂದ ನರಸಕ್ಕನ ದನಿ ಎರಗಿತು.

"ಹೋಯ್! ದೂರದಲ್ಲಿ ಕಡಲು ಎದ್ದಿತು! ಮೀನು ಬಿಡಿ, ಮಕ್ಕಳನ್ನು ಎತ್ತಿ! ಮೆಟ್ಟಿಲು ಹತ್ತಿ! ನಿಮ್ಮ ಬಾಯಿಗೆ ಮಣ್ಣು ಬೀಳ, ಹತ್ತಿ ಅಂದರೆ ಹತ್ತಿ!"

ಬುಟ್ಟಿಗಳು ಬಿದ್ದವು. ಜನ ತಿರುಗಿ ಓಡಿದರು. ಗುರುಗಳು ಮೆಟ್ಟಿಲ ಬುಡದಲ್ಲಿ ನಿಂತು ಒಬ್ಬೊಬ್ಬರನ್ನೇ ಮೇಲಕ್ಕೆ ತಳ್ಳುತ್ತಿದ್ದರು.

ಮಹಾಬಲನ ಕಾಲುಗಳಿಗೆ ಓಡುವುದು ಗೊತ್ತಿತ್ತು. ಅವು ಓಡಿದವು. ಮೆಟ್ಟಿಲು ಇನ್ನೇನು ಸಿಗಬೇಕು, ಅವನು ಹಿಂತಿರುಗಿ ನೋಡಿದ. ಸೂರ ಇನ್ನೂ ಮರಳಿನಲ್ಲಿ ಬಗ್ಗಿ ಮೀನು ಆರಿಸುತ್ತಿದ್ದ. ಅವನ ಕಿವಿಗೆ ಕೂಗು ಬಿದ್ದಿರಲಿಲ್ಲ. ಅವನ ಹಿಂದೆ, ದೂರದಲ್ಲಿ, ಒಂದು ಕಪ್ಪು ಗೆರೆ ದಪ್ಪವಾಗುತ್ತಿತ್ತು.

ಮಹಾಬಲ ಕಡಲಿನ ಕಡೆಗೆ ಓಡಿದ.

ಸೂರನ ರಟ್ಟೆ ಹಿಡಿದು ಎಳೆದ. "ಏ, ಬಿಡೋ! ಬಂಗಡೆ!" ಎಂದು ಸೂರ ಕೊಸರಿದ. ಆಮೇಲೆ ತಾನೂ ಕಂಡ. ಬುಟ್ಟಿ ಬಿಟ್ಟ. ಮೆಟ್ಟಿಲು ದೂರವಿತ್ತು. ನೇರ ದಾರಿ ಹತ್ತಿರದಲ್ಲೇ ಇತ್ತು. ಅದರಲ್ಲಿ ಅಡ್ಡ ಬರುವ ಮರವೊಂದೂ ಇರಲಿಲ್ಲ. ಸೂರ ಅತ್ತ ನುಗ್ಗಿದ. ಮಹಾಬಲ ಅವನನ್ನು ಇತ್ತ ಸೆಳೆದು ಕೇದಗೆಯ ತಿರುವಿನೊಳಗೆ ನೂಕಿದ. ಇಬ್ಬರೂ ಹಳೆಯ ಸುರಹೊನ್ನೆಯ ಬೊಡ್ಡೆಗಳ ನಡುವೆ ಬಿದ್ದೆದ್ದು ಒಂದು ಮರದ ಕೊಂಬೆ ಹತ್ತುವಷ್ಟರಲ್ಲಿ ನೀರು ಬಂತು.

ಮುಂದಿನ ಕೇದಗೆ ಬುಡಸಹಿತ ಎದ್ದು ಹೋಯಿತು. ಅದರ ಹಿಂದಿನದು ಬಾಗಿತು. ಅದರ ಹಿಂದಿನ ಮರಗಳು ಕರ್‍ರೆಂದು ಕೂಗಿದವು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಕುತ್ತಿಗೆಗೆ ಬಂತು. ಕೊಂಬೆ ಅಲುಗಿತು, ಮುರಿಯಲಿಲ್ಲ. ಪಕ್ಕದ ನೇರ ದಾರಿಯಲ್ಲಿ ಮಾತ್ರ ನೀರು ಅಣೆಕಟ್ಟು ಒಡೆದಂತೆ ಮೊರೆದು ಹೋಗುವುದು ಕೇಳಿಸುತ್ತಿತ್ತು.

ಮತ್ತೊಂದು ಬಂತು. ಇನ್ನೂ ಒಂದು ಬಂತು. ಆಮೇಲೆ ನೀರು ಇಳಿಯಿತು.

ಕೇರಿಯ ಮನೆಗಳೊಳಗೆ ಮಂಡಿಯುದ್ದ ಕೆಸರು. ಕೆಲವು ಗೋಡೆಗಳು ಕುಸಿದಿದ್ದವು, ಮನೆಗಳು ನಿಂತಿದ್ದವು. ನರಸಕ್ಕನ ಮನೆಯಿದ್ದ ಜಾಗದಲ್ಲಿ ಒಂದು ಹೊಂಡವಿತ್ತು. ಒಲೆಯ ಕಲ್ಲೂ ಉಳಿದಿರಲಿಲ್ಲ. ಎಳೆ ಗಿಡಗಳಲ್ಲಿ ಒಂದೂ ಇರಲಿಲ್ಲ.

ದಿಬ್ಬದ ಮೇಲೆ ತಲೆ ಎಣಿಸಿದರು. ಯಾರೂ ಕಡಿಮೆಯಿರಲಿಲ್ಲ.

ಸಂಜೆಗೆ ದೋಣಿಗಳು ಬಂದವು. ಆಳದ ನೀರಿನಲ್ಲಿದ್ದವರಿಗೆ ಏನೂ ತಿಳಿದಿರಲಿಲ್ಲ. ನರಸಕ್ಕನ ಗಂಡ ದಡದ ಮೇಲೆ ನಿಂತು ತನ್ನ ಮನೆ ಹುಡುಕುತ್ತಿದ್ದ.

"ಮೇಲೆ ನೋಡಿ! ಬಾಗಿಲಲ್ಲೇ ಕೂತಿದ್ದೇನೆ!" ಎಂದು ಮೇಲಿಂದ ದನಿ ಬಂತು. ಆ ದನಿ ಅಲ್ಲಿಗೇ ಒಡೆಯಿತು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಗುರುಗಳು ಮುರಿದ ತೋಪಿನಲ್ಲಿ ನಡೆಯುತ್ತಿದ್ದರು. ಕೆಸರಿನಲ್ಲಿ ತೇಲಿ ಬಂದ ಸುರಹೊನ್ನೆಯ ಕಾಯಿಗಳನ್ನು ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮಹಾಬಲ ಹಿಂದೆ ಹಿಂದೆ ಹೋದ.

"ನಾನು ಕಡಿಯದೆ ಇದ್ದಿದ್ದರೆ ನರಸಕ್ಕನ ಮನೆ ಉಳಿಯುತ್ತಿತ್ತೇ?"

"ಗೊತ್ತಿಲ್ಲ."

"ಇದೆಲ್ಲ ಮತ್ತೆ ಮರವಾಗುವ ಮೊದಲೇ ಇನ್ನೊಂದು ಬಂದರೆ?"

"ಬಂದರೂ ಬರಬಹುದು."

ಮಹಾಬಲ ಕೆಸರಿನಲ್ಲೇ ಕೂತುಬಿಟ್ಟ. "ಇನ್ನೊಮ್ಮೆ ನೋಡಿಯಾಯಿತು, ಬದುಕಿಯೂ ಆಯಿತು. ಇನ್ನಾದರೂ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ ಗುರುಗಳೇ. ಹೆಚ್ಚಾಗಿದೆ. ಇದನ್ನು ಇಟ್ಟುಕೊಂಡು ನಾನು ಏನು ಮಾಡಲಿ?"

ಗುರುಗಳು ಮಡಿಲಿನ ಕಾಯಿಗಳನ್ನೆಲ್ಲ ಅವನ ಮುಂದೆ ಸುರಿದರು.

"ಆ ಹೆದರಿಕೆಯ ಕೈಗೂ ಒಂದು ಗುದ್ದಲಿ ಕೊಡು."